ಮನ್ಯಾಗಿನ ಕಂಪ್ಯೂಟರ್, ಅದರಾಗಿನ ಇಸ್ಪೀಟ್ ಎಲಿ

1/7

ಮೊನ್ನೆ ಸ್ಟೋರಿಯಾಗ ನಮ್ಮನಿ ಹಳೇ ಡಬ್ಬಾ ಮಾನಿಟರ್ ಫೋಟೋ ಹಾಕಿ "ಕಂಪ್ಯೂಟರ್‌ನ್ಯಾಗ ನೀವು ಮೊಟ್ಟಮೊದಲು ಮಾಡಿದ ಕೆಲಸ ಏನು?" ಅಂತ ಕೇಳಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಾ ಕಡಿಯಿಂದಲೂ ಉತ್ತರ ಬಂದ್ವು. "ಎಂಎಸ್ ವರ್ಡ್" ಅಂತ ಒಬ್ಬರೂ ಅನ್ನಲಿಲ್ಲ. "ನುಡಿ" ಅಂದೋರು ಇಬ್ಬರು, ಇಬ್ಬರ ಮನಿಯೋರದ್ದೂ ಜೆರಾಕ್ಸ್ ಅಂಗಡಿ. ಉಳಿದೋರೆಲ್ಲಾ ಸಾಲಿಟೇರ್, ಪಿನ್‌ಬಾಲ್, ಮೈನ್‌ಸ್ವೀಪರ್, ಮತ್ತ "ಅದು, ಕೇಕ್ ಮಾಡೋ ಗೇಮ್". (ಅದರ ಹೆಸರು ಪರ್ಬಲ್ ಪ್ಲೇಸ್. ವಿಸ್ತಾ ಮತ್ತು ವಿಂಡೋಸ್ 7ರ ಜೊತಿ ಬರ್ತಿತ್ತು.)

ಆ ಉತ್ತರಗಳ ಬಾಲಕ್ಕ ಇನ್ನೊಂದು ಸಾಲು ಮತ್ತ ಮತ್ತ ಬರ್ತಿತ್ತು: "ಆಮ್ಯಾಲೆ ಅಪ್ಪ ಡಿಲೀಟ್ ಮಾಡಿಸಿದ್ರು."

ಈ ಸಲದ ಸರಣಿ ಆ ಸಾಲಿನ ಬಗ್ಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕಂಪ್ಯೂಟರ್ ಜೊತಿಗೆ ಪುಕ್ಕಟೆ ಬರ್ತಿದ್ದ ಆ ನಾಲ್ಕೈದು ಆಟಗಳಿಗೆ ನಮ್ಮ ಮನಿಗಳು ಸುಮ್ನ ಹೆದರಿದ್ವು. ಹೆದರಬೇಕಾದ ಆಟ ಬ್ಯಾರೆ ಇದ್ವು. ಅವು ಬಂದಾಗ ಮಾತ್ರ ಯಾರೂ ಹೆದರಲಿಲ್ಲ, ಯಾಕಂದ್ರ ಅವು ಮೊಬೈಲ್‌ನ್ಯಾಗ ಬಂದ್ವು, ಕ್ರಿಕೆಟ್ ಆಟಗಾರರ ಮುಖ ಹಾಕ್ಕೊಂಡು ಬಂದ್ವು.

ಒಪ್ಪದಿದ್ರೆ ಕಾಮೆಂಟ್‌ನ್ಯಾಗ ಜಗಳಕ್ಕ ಬರ್ರಿ. ಆದ್ರ ಏಳೂ ಓದಿ ಬರ್ರಿ.

2/7

ಮೊದಲು ಸ್ವಲ್ಪ ಹಿಸ್ಟರಿ. ವಿಂಡೋಸ್ ಜೊತಿಗೆ ಸಾಲಿಟೇರ್ ಬಂದಿದ್ದು 1990ರಲ್ಲಿ, ವಿಂಡೋಸ್ 3.0 ಬಿಡುಗಡೆಯಾದಾಗ. ಬರೆದವನು ವೆಸ್ ಚೆರಿ ಅಂತ, ಆವಾಗ ಮೈಕ್ರೋಸಾಫ್ಟ್‌ನ್ಯಾಗ ಇಂಟರ್ನ್. ಎಲಿಗಳ ಚಿತ್ರ ಮಾಡಿದಾಕಿ ಸೂಸನ್ ಕೇರ್, ಮ್ಯಾಕಿಂಟಾಷ್‌ನ ಮೊದಲ ಐಕಾನ್‌ಗಳನ್ನ ಮಾಡಿದ ಕಲಾವಿದೆ. ಇಂಟರ್ನ್‌ಶಿಪ್ ಹುಡುಕ್ತಿರೋ ನಮ್ಮ ಇಂಜಿನಿಯರಿಂಗ್ ದೋಸ್ತರು ಗಮನಿಸ್ರಿ: ಜಗತ್ತೆಲ್ಲಾ ಆಡಿದ ಆ ಆಟಕ್ಕ ಚೆರಿಗೆ ಒಂದು ಪೈಸೆ ರಾಯಲ್ಟಿ ಸಿಗಲಿಲ್ಲ. ಅವನು ಅದರಾಗ ಒಂದು "ಬಾಸ್ ಕೀ" ಸಹ ಇಟ್ಟಿದ್ದನಂತ. ಸಾಹೇಬ್ರು ಬಂದ್ರೆ ಆ ಕೀ ಒತ್ತಿದ್ರ ಸಾಕು, ಎಲಿ ಮಾಯ ಆಗಿ ಸ್ಕ್ರೀನ್ ಮ್ಯಾಲೆ ಲೆಕ್ಕದ ಹಾಳೆ ಕಾಣೋದು. ಕಂಪನಿ ಅದನ್ನ ತೆಗೆಸಿಹಾಕ್ತು. ನಮ್ಮ ತಾಲ್ಲೂಕು ಆಫೀಸುಗಳಿಗೆ ಅದೊಂದು ಬಂದಿದ್ರೆ ಭಾಳ ಉಪಯೋಗ ಆಗ್ತಿತ್ತು.

ಮೌಸ್ ಅನ್ನೋದು ಆಗ ಹೊಸ ವಸ್ತು. ಒತ್ತಿ ಹಿಡಿದು, ಎಳೆದು, ಬಿಡೋದು ಕೈಗೆ ಕೂಡಬೇಕಂದ್ರ ದಿನಾ ಮಾಡಬೇಕು. ಎಲಿ ಎತ್ತಿ ಎಲಿ ಮ್ಯಾಲೆ ಇಡೋದರಾಗ ಅದು ತಾನಾಗೇ ಬರ್ತಿತ್ತು. ಮೈನ್‌ಸ್ವೀಪರ್‌ನ್ಯಾಗ ಬಲಗಡೆ ಕ್ಲಿಕ್, ಎಡಗಡೆ ಕ್ಲಿಕ್ ಎರಡೂ ಬೇಕು. ಇದನ್ನ ಕಂಪ್ಯೂಟರ್ ಕ್ಲಾಸಿನ್ಯಾಗ ಯಾರೂ ಹಿಂಗ ಕಲಿಸ್ತಿರಲಿಲ್ಲ. ಹೈಸ್ಕೂಲಿನ ಲ್ಯಾಬ್‌ನ್ಯಾಗ ಒಂದು ಕೀಬೋರ್ಡಿಗೆ ನಾಕು ಮಂದಿ, ಮೌಸ್ ಮುಟ್ಟಿದೋನೇ ರಾಜ.

ಇನ್ನೊಂದು ಮಾತು, ನನಗ ಇದೇ ದೊಡ್ಡದು. ಕನ್ನಡ ಮೀಡಿಯಂ ಮಕ್ಕಳಿಗೆ ಕಂಪ್ಯೂಟರ್ ತೆರೆದ ಕೂಡಲೇ ಹೆದರಿಕಿ ಆಗೋದು ಕಂಪ್ಯೂಟರಿಂದಲ್ಲ, ಇಂಗ್ಲಿಷಿಂದ. ಫೈಲ್, ಎಡಿಟ್, ವ್ಯೂ, ಎರರ್, ಅಬಾರ್ಟ್... ಏನೋ ಒತ್ತಿದ್ರೆ ಏನೋ ಆಗ್ತೈತಿ. ಆ ಇಡೀ ಪೆಟ್ಟಿಗಿಯಾಗ ಇಂಗ್ಲಿಷ್ ಕೇಳದಿದ್ದ ಜಾಗ ಅಂದ್ರ ಆಟ ಒಂದೇ. ಕೆಂಪು ಮ್ಯಾಲೆ ಕರಿ, ಕರಿ ಮ್ಯಾಲೆ ಕೆಂಪು. ರಾಜ, ರಾಣಿ, ಗುಲಾಮ, ಎಕ್ಕ. ನಮ್ಮವ್ವ ಏಳನೇ ಕ್ಲಾಸ್ ತನಕ ಓದಿದಾಕಿ. ಮಧ್ಯಾಹ್ನ ಮನಿ ಕೆಲಸ ಮುಗಿಸಿ ಕುಂತು, "ಈ ಆಟೀನ್ ರಾಣಿ ಎಲ್ಲಿ ಸಾಯಾಕ ಹೋಗ್ಯಾಳೋ" ಅಂತ ಬೈಕೋತ ಆಡ್ತಿದ್ಲು. ಮೌಸ್ ಹಿಡಿಯೋದನ್ನ ಅವ್ವ ಅಲ್ಲೇ ಕಲ್ತಿದ್ದು. ಈಗ ಸ್ವಸಹಾಯ ಸಂಘದ ಲೆಕ್ಕ ಎಕ್ಸೆಲ್‌ನ್ಯಾಗ ಇಡ್ತಾಳ. ನಡುವೆ ಯಾವ ಕೋರ್ಸೂ ಇಲ್ಲ, ಯಾವ ಸರ್ಟಿಫಿಕೇಟೂ ಇಲ್ಲ.

ಮನ್ಯಾಗ ಕಂಪ್ಯೂಟರ್ ಬಂದ್ರೆ ಅದು ಅಣ್ಣನ ಓದಿಗೆ ಅಂತ ಬರೋದು, ಹೌದಿಲ್ಲೋ? ಅಕ್ಕ-ತಂಗಿ ಮುಟ್ಟಿದ್ರೆ "ಕೆಡಿಸ್ತೀಯ, ಬಿಡು." ಆಟ ಒಂದೇ ಅವರಿಗೆ ಸಿಕ್ಕ ಬಾಗಿಲು. ಅದನ್ನೂ ಡಿಲೀಟ್ ಮಾಡಿಸಿದ್ರೆ ಬಾಗಿಲು ಯಾರಿಗೆ ಮುಚ್ಚಿತು ಅಂತ ಒಮ್ಮೆ ಯೋಚನೆ ಮಾಡ್ರಿ.

3/7

ಈಗ ಅಪ್ಪಂದಿರ ಕಡಿಯಿಂದ. ಅವರು ಹುಚ್ಚರಲ್ಲ.

ನಮ್ಮ ಕಡೆ ಇಸ್ಪೀಟ್ ಅನ್ನೋ ಶಬ್ದಕ್ಕ ಒಂದು ವಾಸನೆ ಐತಿ. ಉಗಾದಿಗೆ ನಾಕು ಮಂದಿ ಕುಂತು ಎಲಿ ಹಾಕೋದು ಎಷ್ಟೋ ಊರಾಗ ರೂಢಿ. ಆದ್ರ ಅದೇ ಎಲಿ ಅಂದರ್-ಬಾಹರ್ ಆದ್ರೆ ಹೊಲದ ಪತ್ರ ಅಡ ಬೀಳ್ತಾವ. ಪೇಪರಿನ ಜಿಲ್ಲಾ ಪುಟ ತೆಗೆದ್ರೆ "ಅಂದರ್-ಬಾಹರ್ ಅಡ್ಡೆ ಮೇಲೆ ದಾಳಿ" ಅನ್ನೋ ಸುದ್ದಿ ಹಳೇ ನೆಂಟನ ಹಂಗ ಬಂದೇ ಬರ್ತೈತಿ. ಹಿಂಗಿರೋ ಊರಾಗ ಸಾಲ ಮಾಡಿ ಮಗನ ಓದಿಗೆ ತಂದ ಕಂಪ್ಯೂಟರ್‌ನ್ಯಾಗ ಇಸ್ಪೀಟ್ ಎಲಿ ಕಂಡ್ರೆ ಏನಾಗಬೇಕು? ನಮ್ಮ ಅಪ್ಪಾಜಿ ಹೊರಗಿಂದ ಬಂದೋರು ಸ್ಕ್ರೀನ್ ನೋಡಿ ನಿಂತಲ್ಲೇ ಅಂದಿದ್ದು: "ಇದಕ್ಕೇನಲೇ ಇಷ್ಟು ದುಡ್ಡು ಕೊಟ್ಟಿದ್ದು? ಅಡ್ಡಾ ಮನಿಗೇ ತಂದಿಟ್ಟಂಗಾತಲ್ಲ!"

ಮರುದಿನ ಅಸೆಂಬಲ್ ಮಾಡಿಕೊಟ್ಟ ಹುಡುಗನ್ನ ಕರೆಸಿ ಗೇಮ್ಸ್ ಫೋಲ್ಡರ್ ತೆಗೆಸಿದ್ರು. ಪಿನ್‌ಬಾಲ್ ಉಳೀತು. ಅದು ಆಟ ಅಂತ ಆ ಹುಡುಗನೂ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಬರೇ ನಮ್ಮ ಅಪ್ಪಾಜಿ ಹಿಂಗ ಅಂತ ತಿಳೀಬ್ಯಾಡ್ರಿ. 2006ರಲ್ಲಿ ನ್ಯೂಯಾರ್ಕ್ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ತಮ್ಮ ಒಂದು ಆಫೀಸಿಗೆ ಹೋದಾಗ ಒಬ್ಬ ನೌಕರನ ಸ್ಕ್ರೀನ್ ಮ್ಯಾಲೆ ಸಾಲಿಟೇರ್ ಕಂಡ್ರಂತ. ಅವನ ಕೆಲಸಾನೇ ಹೋತು. ಅಲ್ಲಿ ಸಂಬಳ ಕೊಡೋ ಧಣಿಯ ಸಿಟ್ಟು, ಇಲ್ಲಿ ಸಾಲ ತೀರಿಸೋ ಅಪ್ಪನ ಸಿಟ್ಟು. ಎರಡನೇದು ನನಗ ಅರ್ಥ ಆಗ್ತೈತಿ.

ಆದ್ರ ಒಂದು ವ್ಯತ್ಯಾಸ ಅಪ್ಪಾಜಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಅಂದರ್-ಬಾಹರ್ ಆಡೋನ ಮುಂದ ಇನ್ನೊಬ್ಬ ಇರ್ತಾನ, ಇವನ ದುಡ್ಡು ಅವನಿಗೆ ಬೇಕು. ಸಾಲಿಟೇರ್ ಆಡೋನ ಮುಂದ ಯಾರೂ ಇಲ್ಲ. ಐವತ್ತೆರಡು ಎಲಿಯಾಗ 28 ಏಳು ಸಾಲಾಗಿ ಹರಡಿರ್ತಾವ, 24 ಕೈಯಾಗ. ಬಿಡಿಸಿದ್ರೆ ಬಿಡಿಸ್ದಿ, ಇಲ್ಲಾಂದ್ರ ಇಲ್ಲ. ಗೆದ್ರೆ ಎಲಿ ಎಲ್ಲಾ ಪುಟ್ಟ ಪುಟ್ಟ ಜಿಗಿದು ಸ್ಕ್ರೀನ್ ತುಂಬಾ ಬೀಳ್ತಾವ. ಅಷ್ಟೇ ಬಹುಮಾನ. ಚಿತ್ರ ಒಂದೇ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ವಿ.

4/7

ಮೈನ್‌ಸ್ವೀಪರ್ ಬಗ್ಗೆ ಪೂರ್ತಿ ಒಂದು ಪೋಸ್ಟ್ ಬರೀಲೇಬೇಕು. ಯಾಕಂದ್ರ ನಿಮ್ಮೊಳಗ ಮುಕ್ಕಾಲು ಮಂದಿ ಅದನ್ನ ಲಾಟರಿ ಅಂದ್ಕೊಂಡು ಆಡೀರಿ. ಕಣ್ಣು ಮುಚ್ಚಿ ಒತ್ತೋದು, ಬಾಂಬ್ ಸಿಡಿಯೋದು, ಹಳದಿ ಮುಖ ಸಾಯೋದು, ಮತ್ತ ಒತ್ತೋದು.

ಅದು ಲೆಕ್ಕದ ಆಟ ಮಾರಾಯ್ರೇ. ಅಂಕಿ ಅಂದ್ರ ಸುತ್ತಲಿನ ಎಂಟು ಮನಿಯಾಗ ಎಷ್ಟು ಬಾಂಬ್ ಅದಾವ ಅಂತ. ಮೊದಲ ಕ್ಲಿಕ್ಕಿಗೆ ಬಾಂಬ್ ಬರೋದೇ ಇಲ್ಲ, ಅಲ್ಲಿ ಇದ್ರೂ ಆಟ ಅದನ್ನ ಬ್ಯಾರೆ ಕಡೆ ಸರಿಸಿಬಿಡ್ತೈತಿ. ಎಕ್ಸ್‌ಪರ್ಟ್ ಮಟ್ಟದಾಗ 30 ಅಡ್ಡ, 16 ಉದ್ದ, ಒಟ್ಟು 480 ಮನಿ, 99 ಬಾಂಬ್.

ಒಂದು ಉದಾಹರಣೆ (ಸ್ವೈಪ್ ಮಾಡಿದ್ರೆ ನಾನು ನೋಟ್‌ಬುಕ್‌ನ್ಯಾಗ ಬರೆದ ಚಿತ್ರ ಐತಿ). ಮುಚ್ಚಿದ ಮನಿಗಳ ಒಂದು ನೆಟ್ಟಗಿನ ಸಾಲು. ಅದರ ಕೆಳಗ ತೆರೆದ ಸಾಲಿನ್ಯಾಗ 1, 2, 1 ಅಂತ ಅಂಕಿ. ಬಾಂಬ್ ಎಲ್ಲೈತಿ? ನಡುವಿನ 2ರ ನೆತ್ತಿ ಮ್ಯಾಲಿನ ಮನ್ಯಾಗ ಐತಿ ಅಂತ ತಿಳ್ಕೊಳ್ರಿ. ಆ ಮನಿ ಮೂರೂ ಅಂಕಿಗೆ ತಾಗ್ತೈತಿ. ಹಂಗಾದ್ರ ಎಡಗಡೆ 1ರ ಕೋಟಾ ಮುಗೀತು, ಬಲಗಡೆ 1ರ ಕೋಟಾನೂ ಮುಗೀತು, ಆಚೀಚೆ ಇನ್ನು ಬಾಂಬ್ ಇರೋ ಹಂಗಿಲ್ಲ. ಆದ್ರ ನಡುವಿನ 2ಕ್ಕ ಇನ್ನೊಂದು ಬೇಕಲ್ಲ, ಎಲ್ಲಿಂದ ತರ್ತೀರಿ? ಅಲ್ಲಿಗೆ ನಾವು ತಿಳ್ಕೊಂಡಿದ್ದೇ ಸುಳ್ಳು. ನಡುವಿನ ಮನಿ ಸುರಕ್ಷಿತ, ಬಾಂಬ್ ಇರೋದು ಎರಡು 1ಗಳ ನೆತ್ತಿ ಮ್ಯಾಲೆ.

ಈ ಯೋಚನೆ ಎಲ್ಲೋ ನೋಡ್ದಂಗೈತಿ ಅಲ್ಲ? ಹತ್ತನೇ ಕ್ಲಾಸಿನ ಗಣಿತ, ರೂಟ್ 2 ಅಭಾಗಲಬ್ಧ ಸಂಖ್ಯೆ ಅಂತ ಸಾಧಿಸೋ ಲೆಕ್ಕ. ಮೊದಲು ಭಾಗಲಬ್ಧ ಅಂತ ಇಟ್ಕೋ, ಕೊನಿಗೆ ಅದು ತನ್ನ ಮಾತಿಗೆ ತಾನೇ ಅಡ್ಡ ಬರ್ತೈತಿ ಅಂತ ತೋರಿಸು. ಆ ಲೆಕ್ಕವನ್ನ ಬಾಯಿಪಾಠ ಮಾಡಿ ಬರೆದೋರು ಎಷ್ಟು ಮಂದಿ, ಅರ್ಥ ಮಾಡ್ಕೊಂಡು ಬರೆದೋರು ಎಷ್ಟು ಮಂದಿ ಅಂತ ನಮಗೇ ಗೊತ್ತು. ಅದೇ ಮಕ್ಕಳು ಮೈನ್‌ಸ್ವೀಪರ್ ಮುಂದ ದಿನಾ ಅದೇ ವಾದ ಮಾಡ್ತಿದ್ರು, ಹೆಸರು ಗೊತ್ತಿಲ್ದ ಹಂಗ.

ಇಷ್ಟರ ಮ್ಯಾಲೆ 2000ದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರಿಚರ್ಡ್ ಕೇ ಅನ್ನೋ ಗಣಿತಜ್ಞರು ಈ ಆಟದ ಹಿಂದಿರೋ ಪ್ರಶ್ನೆ ಎನ್‌ಪಿ-ಕಂಪ್ಲೀಟ್ ಅಂತ ತೋರಿಸಿದ್ರು. ಕಂಪ್ಯೂಟರ್ ಸೈನ್ಸ್ ತಗೊಂಡೋರಿಗೆ ಇದರ ತೂಕ ಗೊತ್ತಾಗ್ತೈತಿ. ಉಳಿದೋರಿಗೆ ಇಷ್ಟು ಸಾಕು: ಮನಿ ದೊಡ್ಡದು ಮಾಡ್ಕೊಂತ ಹೋದ್ರೆ ಕಂಪ್ಯೂಟರಿಗೂ ಬೆವರು ಇಳಿಯೋ ಜಾತಿ ಲೆಕ್ಕ ಅದು. ನಾವು ಅದನ್ನ "ಟೈಮ್‌ಪಾಸ್" ಅಂತ ಡಿಲೀಟ್ ಮಾಡಿಸಿದ್ವಿ.

5/7

ಟೈಮ್ ಹಾಳಾಗ್ತಿತ್ತು ಅನ್ನೋದು ಖರೇನೇ. ಪರೀಕ್ಷೆ ಮುಂದ ಇಟ್ಕೊಂಡು ಪಿನ್‌ಬಾಲ್ ಸ್ಕೋರ್ ಏರಿಸಿದೋರು ಇದಾರ, ಅವರ ಮಾರ್ಕ್ಸ್ ಕಾರ್ಡೂ ಮಾತಾಡ್ತಾವ. ಆದ್ರ ಆ ಆಟಗಳಿಗೆ ಒಂದು ಕೊನೆ ಇತ್ತು. ಎಲಿ ಮುಗಿದ್ರೆ ಮುಗೀತು. "ನಾಳೆ ಬಾ, ಬೋನಸ್ ಕೊಡ್ತೀನಿ" ಅಂತ ಅದು ಯಾವತ್ತೂ ಕರೀಲಿಲ್ಲ. ರಾತ್ರಿ ಹನ್ನೊಂದಕ್ಕ ಟಿಣ್ ಅಂತ ಮೆಸೇಜ್ ಕಳಿಸಲಿಲ್ಲ. ಅದೂ ಅಲ್ಲದ ನಮ್ಮ ಕಡೆ ಕರೆಂಟ್ ಅನ್ನೋ ದೊಡ್ಡ ಹೆಡ್‌ಮಾಸ್ಟರ್ ಇದ್ರು. ಯುಪಿಎಸ್ ಬೀಪ್ ಬೀಪ್ ಅಂತ ಐದು ನಿಮಿಷ ಬಡ್ಕೊಂಡು ಮಲಗಿದ್ರೆ ಆಟಕ್ಕ ಮಂಗಳ.

ಫ್ರೀಸೆಲ್ ಬಗ್ಗೆ ಒಂದು ಮಾತು ಹೇಳಿ ಮುಂದ ಹೋಗ್ತೀನಿ. ಅದರಾಗ ಎಲ್ಲಾ ಎಲಿ ಮುಖ ತೋರಿಸ್ಕೊಂಡೇ ಇರ್ತಾವ, ಮುಚ್ಚಿಟ್ಟಿದ್ದು ಏನೂ ಇಲ್ಲ. ಸೋತ್ರೆ ಅದೃಷ್ಟದ ಮ್ಯಾಲೆ ಹಾಕಾಕ ಬರೋದಿಲ್ಲ. ಹಳೇ ವಿಂಡೋಸ್‌ನ್ಯಾಗ 32,000 ಆಟ ನಂಬರ್ ಹಾಕಿ ಇಟ್ಟಿದ್ರು. ತೊಂಬತ್ತರ ದಶಕದಾಗ ಇಂಟರ್ನೆಟ್ಟಿನ ಮಂದಿ ಹಂಚಿಕೊಂಡು ಒಂದೊಂದಾಗಿ ಎಲ್ಲಾ ಬಿಡಿಸಿದ್ರು. ಬಗೆಹರೀದೆ ಉಳಿದಿದ್ದು ಒಂದೇ, ನಂಬರ್ 11982. ಮ್ಯಾಲೆ ನಾಕು ಖಾಲಿ ಮನಿ ಇರ್ತಾವ, ದಾರಿ ಸಿಗೋ ತನಕ ಎಲಿನ ಅಲ್ಲಿಂದಿಲ್ಲಿಗೆ ಸರಿಸ್ತಿರಬೇಕು. ಹರಪನಹಳ್ಳಿ ದೋಸ್ತರಿಗೆ ಇದು ಹೊಸದಲ್ಲ ಬಿಡ್ರಿ: ಮೊದಲು ಬಳ್ಳಾರಿ, 1997ರಾಗ ದಾವಣಗೆರೆ, ಆಮ್ಯಾಲೆ ತಿರುಗಿ ಬಳ್ಳಾರಿ, 2021ರಿಂದ ವಿಜಯನಗರ. ಅವರ ಫೈಲ್‌ಗಳು ಅಷ್ಟೂ ಖಾಲಿ ಮನಿ ನೋಡ್ಯಾವ.

ಈ ಆಟಗಳು ಹೋಗಿದ್ದು ಹೆಂಗ? ಪಿನ್‌ಬಾಲ್ ವಿಸ್ತಾ ಬಂದಾಗಲೇ ಬಿತ್ತು. 64-ಬಿಟ್‌ಗೆ ಹೊಂದಿಸಾಕ ಹೋದಾಗ ಚೆಂಡು ಗೋಡೆ, ಕೋಲು ಯಾವುದಕ್ಕೂ ತಾಗದ ಸೀದಾ ಕೆಳಗ ಸೋರಿ ಹೋಗ್ತಿತ್ತಂತ. ಬರೆದ ಕೋಡ್ ಯಾರಿಗೂ ತಿಳೀಲಿಲ್ಲ, ಬಿಟ್ಟುಬಿಟ್ರು. ಆಮ್ಯಾಲೆ 2012ರಲ್ಲಿ ವಿಂಡೋಸ್ 8 ಬಂದಾಗ ಸಾಲಿಟೇರ್, ಮೈನ್‌ಸ್ವೀಪರ್ ಕೂಡ ಜೊತಿಗೆ ಬರೋದು ನಿಂತ್ವು. ಬೇಕಾದ್ರ ಸ್ಟೋರ್‌ನಿಂದ ಇಳಿಸ್ಕೋಬೇಕು. ವಿಂಡೋಸ್ 10ರ ಜೊತಿ ಸಾಲಿಟೇರ್ ವಾಪಸ್ ಬಂತು, ಆದ್ರ ಜಾಹೀರಾತು ಕಟ್ಕೊಂಡು ಬಂತು. ಜಾಹೀರಾತು ಬ್ಯಾಡ ಅಂದ್ರ ದುಡ್ಡು ಕಟ್ಟಬೇಕು. ಎಲಿ ಅವೇ, ಆಟ ಅದೇ. ಆದ್ರ ಈಗ ಆಟ ನಮ್ಮನ್ನ ನೋಡಾಕತ್ತೈತಿ.

6/7

ಇದನ್ನ ಬರೀಬೇಕೋ ಬ್ಯಾಡೋ ಅಂತ ಎರಡು ದಿನ ಯೋಚನೆ ಮಾಡಿದೆ. ನಮ್ಮ ಪಿಯುಸಿ ಬ್ಯಾಚಿನ ಒಬ್ಬನ್ನ ಕೇಳಿದೆ. "ಬರಿ, ಹೆಸರು ಮಾತ್ರ ಬ್ಯಾಡ" ಅಂದ.

ಅವನು ಡಿಗ್ರಿ ಎರಡನೇ ವರ್ಷದಾಗ ಮೊಬೈಲ್‌ನ್ಯಾಗ ರಮ್ಮಿ ಶುರು ಮಾಡಿದ. ಮೊದಲು ಅವರೇ ಬೋನಸ್ ಅಂತ ಸ್ವಲ್ಪ ದುಡ್ಡು ಕೊಟ್ರು. ಎರಡು ಸಲ ಗೆದ್ದ, ನಮಗೆಲ್ಲಾ ಮಿರ್ಚಿ-ಮಂಡಕ್ಕಿ ಕೊಡಿಸಿದ. ಆಮ್ಯಾಲೆ ಕಾಲೇಜ್ ಫೀ ಹೋತು. ಅದನ್ನ ವಾಪಸ್ ತರಾಕ ಲೋನ್ ಆ್ಯಪ್. ಅದನ್ನ ತೀರಿಸಾಕ ಅವ್ವನ ಕಿವಿಯೋಲೆ. ಈಗ ಬೆಂಗಳೂರಾಗ ಡೆಲಿವರಿ ಕೆಲಸ ಮಾಡಿ ತೀರಿಸಾಕತ್ತಾನ, ಡಿಗ್ರಿ ಅರ್ಧಕ್ಕ ನಿಂತೈತಿ.

ಅವರ ಮನ್ಯಾಗೂ ಕಂಪ್ಯೂಟರ್ ಇತ್ತು. ಅವರಪ್ಪನೂ ಗೇಮ್ಸ್ ಡಿಲೀಟ್ ಮಾಡಿಸಿದೋರೇ. ಅದಕ್ಕೇ ಹಿಂಗಾತು ಅಂತ ನಾನು ಹೇಳಾಕತ್ತಿಲ್ಲ, ಹಂಗ ಹೇಳಿದ್ರ ಅದು ಸುಳ್ಳಾಗ್ತೈತಿ. ನಾನು ಹೇಳೋದು ಇಷ್ಟೇ: ಡಿಲೀಟ್ ಮಾಡಿಸಿದ್ದರಿಂದ ಅವನಿಗೆ ಯಾವ ರಕ್ಷಣೆಯೂ ಸಿಗಲಿಲ್ಲ.

ಹಳೇ ಸಾಲಿಟೇರ್‌ನ್ಯಾಗ ಆಪ್ಷನ್ಸ್ ಒಳಗ "ವೇಗಾಸ್" ಅಂತ ಒಂದು ಲೆಕ್ಕದ ಪದ್ಧತಿ ಇತ್ತು, ನೋಡೀರೇನು? ಎಲಿ ಹಂಚಿದ ಕೂಡಲೇ ನಿಮ್ಮ ಖಾತೆಯಿಂದ 52 ಡಾಲರ್ ಕಟ್. ಮ್ಯಾಲಿನ ಮನಿಗೆ ಒಂದೊಂದು ಎಲಿ ಏರಿಸಿದ್ರೆ 5 ಡಾಲರ್ ವಾಪಸ್. ಅಂದ್ರ ಹನ್ನೊಂದು ಎಲಿ ಏರೋ ತನಕ ನೀವು ಸಾಲಗಾರರು. ಪೂರ್ತಿ ಬಿಡಿಸಿದ್ರೆ 208 ಡಾಲರ್ ಲಾಭ. ನಾನು ಒಂದು ಬ್ಯಾಸಗಿ ರಜೆಯೆಲ್ಲಾ ಲೆಕ್ಕ ಒಟ್ಟುಗೂಡಿಸ್ತಾ ಅದನ್ನೇ ಆಡಿದೆ. ಮೈನಸ್ ಸಾವಿರ ದಾಟ್ತು, ಎರಡು ಸಾವಿರ ದಾಟ್ತು. ನಡುವೆ ಒಂದೊಂದು ದೊಡ್ಡ ಗೆಲುವು ಬರ್ತಿತ್ತು, "ಇನ್ನೊಂದೇ ಆಟ" ಅನ್ನಿಸ್ತಿತ್ತು, ಮತ್ತ ಕೆಳಗ. ಯಾರೂ ವಸೂಲಿಗೆ ಬರಲಿಲ್ಲ, ಯಾಕಂದ್ರ ಆ ಡಾಲರ್ ಎಲ್ಲೂ ಇರಲಿಲ್ಲ. ಆದ್ರ "ಇನ್ನೊಂದೇ ಆಟ" ಅನ್ನೋ ಆ ಕಡಿತ ಹೆಂಗಿರ್ತೈತಿ ಅಂತ ಪುಕ್ಕಟೆ ಗೊತ್ತಾತು. ನನ್ನ ದೋಸ್ತನಿಗೆ ಅದು ಗೊತ್ತಾಗೋ ಹೊತ್ತಿಗೆ ಮೀಟರ್ ನಿಜವಾದ ರೂಪಾಯಿಯಾಗ ಓಡ್ತಿತ್ತು.

ಕಾನೂನಿನ ಮಾತು ಬಂದ್ರೆ: 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನ ರದ್ದು ಮಾಡಿತು. ಕೌಶಲದ ಆಟ, ಅದೃಷ್ಟದ ಆಟ ಎರಡೂ ಒಂದಲ್ಲ ಅನ್ನೋದು ಅಲ್ಲಿ ದೊಡ್ಡ ವಾದ. ಆಮ್ಯಾಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ, ಕೌಶಲವೋ ಅದೃಷ್ಟವೋ ಎರಡಕ್ಕೂ ಸೇರಿಸಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. ಒಳ್ಳೇದು. ಆದ್ರ ಟೆಲಿಗ್ರಾಂನ್ಯಾಗ ಲಿಂಕ್ ಬರೋದು ನಿಂತೈತೇನು? ನಿಮ್ಮ ಇನ್‌ಬಾಕ್ಸ್ ನೀವೇ ನೋಡ್ಕೊಳ್ರಿ. ಐಪಿಎಲ್ ಶುರುವಾದ್ರ ಇನ್ನೂ ಗೊತ್ತಾಗ್ತೈತಿ.

ತಮ್ಮಗಳಿರಾ, ತಂಗಿಗಳಿರಾ, ಆಟ ಒಳ್ಳೇದೋ ಕೆಟ್ಟದ್ದೋ ಅಂತ ನೋಡಾಕ ಎಲಿ ಚಿತ್ರ ನೋಡಬ್ಯಾಡ್ರಿ. ಅದು ನಿಮ್ಮ ಫೋನ್ ನಂಬರ್ ಕೇಳ್ತೈತೇನು? ಯುಪಿಐ ಕೇಳ್ತೈತೇನು? ನೀವು ಎದ್ದು ಹೋದ್ರ ಹಿಂದಿಂದ ಕರೀತೈತೇನು?

7/7

ಕಡೀ ಫೋಟೋ ಹಂಪಿದು. ಕಾಲೇಜ್ ಟ್ರಿಪ್‌ಗೆ ಹೋದಾಗ ತೆಗೆದಿದ್ದು. ಎಲ್ಲರೂ ಕಲ್ಲಿನ ರಥದ ಮುಂದ ಸೆಲ್ಫಿ ತಗೊಳ್ಳಾಕತ್ತಾಗ ನಾನು ನೆಲ ನೋಡ್ಕೊಂಡು ತಿರುಗಾಡ್ತಿದ್ದೆ. ಅಲ್ಲಿನ ಮಂಟಪಗಳ ಹಾಸುಗಲ್ಲಿನ ಮ್ಯಾಲೆ, ಬಂಡಿಗಳ ಮ್ಯಾಲೆ ಆಟದ ಮಣೆಗಳ ಗೆರೆ ಕೆತ್ಯಾರ. ಹುಲಿ-ಕುರಿ ಆಟದ ಗೆರೆ, ಅಳಗುಳಿ ಮಣೆ ಹಂಗಿರೋ ಗುಣಿಗಳು. ಬಂದು ಕುಂತೋರು ಕಲ್ಲೋ ಬೀಜನೋ ಹೆಕ್ಕೊಂಡು ಆಡಬಹುದಿತ್ತು. ಮಂಟಪದ ಜೊತಿಗೇ ಬಂದ ಆಟ, ಬಾಡಿಗಿ ಇಲ್ಲ, ಜಾಹೀರಾತು ಇಲ್ಲ. ನಮ್ಮೂರುಗಳ ಹಳೇ ಗುಡಿ ಕಟ್ಟೆ ಮ್ಯಾಲೂ ಹುಡುಕ್ರಿ, ಇಂಥವು ಸಿಕ್ರೆ ಫೋಟೋ ತೆಗೆದು ನನ್ನ ಟ್ಯಾಗ್ ಮಾಡ್ರಿ. ಸುಣ್ಣ ಬಳಿಯೋಕ್ಕಿಂತ ಮೊದಲು.

ಇಂಥ ಆಟ ಕಂಪ್ಯೂಟರ್‌ನ್ಯಾಗ ಮತ್ತ ಇಡಬೇಕು ಅನ್ನೋದು ನನ್ನ ಬೇಡಿಕಿ. ಈಗ ನಮ್ಮ ಪಂಚಾಯ್ತಿ ಗ್ರಂಥಾಲಯಗಳು "ಅರಿವು ಕೇಂದ್ರ" ಆಗ್ಯಾವ, ಎಷ್ಟೋ ಕಡೆ ಕಂಪ್ಯೂಟರ್ ಬಂದಾವ. ಕೇರಂ ಬೋರ್ಡ್, ಚೆಸ್ ಬೋರ್ಡ್ ಇಡಾಕ ಅಲ್ಲಿ ಯಾರೂ ಬ್ಯಾಡ ಅನ್ನೋದಿಲ್ಲ. ಹಂಗಾದ್ರ ಕಂಪ್ಯೂಟರ್‌ನ್ಯಾಗ ಮೈನ್‌ಸ್ವೀಪರ್ ಯಾಕ ಬ್ಯಾಡ? ನೆಟ್ ಬೇಕಿಲ್ಲ, ದುಡ್ಡು ಬೇಕಿಲ್ಲ. ಉಬುಂಟು ಥರದ ಲಿನಕ್ಸ್ ಹಾಕಿದ್ರ "ಮೈನ್ಸ್" ಅಂತ ಅದೇ ಬಾಂಬಿನ ಆಟ ಸಿಗ್ತೈತಿ, "ಐಲ್‌ರಾಯಟ್" ಅಂತ ಒಂದರಾಗ 80ಕ್ಕೂ ಹೆಚ್ಚು ನಮೂನಿ ಒಬ್ಬರೇ ಆಡೋ ಎಲಿ ಆಟ ಅದಾವ. ಎಲ್ಲಾ ಪುಕ್ಕಟೆ, ಜಾಹೀರಾತು ಇಲ್ಲ. ಹಳೇ ಕಂಪ್ಯೂಟರಿಗೂ ಭಾರ ಅಲ್ಲ.

ಇಸ್ಪೀಟ್ ಎಲಿ ಕಂಡು ಊರ ಹಿರಿಯರು ಸಿಟ್ಟಾದ್ರೆ ಎಲಿ ಆಟ ಬಿಡ್ರಿ, ಮೈನ್ಸ್ ಒಂದೇ ಇಡ್ರಿ. ಅಷ್ಟು ಹೊಂದಾಣಿಕಿಗೆ ನಾನು ತಯಾರ್. ಆದ್ರ ವಾರಕ್ಕ ಒಂದು ತಾಸು ಹುಡುಗೀರಿಗೆ ಅಂತ ತೆಗೆದಿಡಬೇಕು. ಇಲ್ಲಾಂದ್ರ ನಮ್ಮ ಹುಡುಗ್ರ ಸುದ್ದಿ ನನಗ ಗೊತ್ತಲ್ಲ, ಕುರ್ಚಿ ಬಿಟ್ಟು ಏಳೋದಿಲ್ಲ.

ನಮ್ಮೂರಿನ ಕೇಂದ್ರದಾಗ ಈ ಬಗ್ಗೆ ಕೇಳೀನಿ. "ನೋಡೋಣ" ಅಂದಾರ. ನಿಮ್ಮೂರಾಗ ನೀವು ಕೇಳ್ರಿ. ಹಾಕಿಕೊಡಾಕ ಬರೋರು ಬೇಕಂದ್ರ ಡಿಎಂ ಮಾಡ್ರಿ. ಭಾನುವಾರ ನನ್ನ ಕಡೆ ಗಾಡಿ ಐತಿ, ಪೆನ್‌ಡ್ರೈವ್ ಐತಿ. ಪೆಟ್ರೋಲ್ ನಿಮ್ಮದು.

#ಕೊಟ್ಟೂರು #ಕೂಡ್ಲಿಗಿ #ಹಗರಿಬೊಮ್ಮನಹಳ್ಳಿ #ಹೂವಿನಹಡಗಲಿ #ಹರಪನಹಳ್ಳಿ #ನಮ್ಮವಿಜಯನಗರ #ಮೈನ್‌ಸ್ವೀಪರ್ #ಹಳೇಕಂಪ್ಯೂಟರ್